ಕೋಟೆ ಒಂದು ಕಡೆ, ಊಟ ಒಂದು ಕಡೆ



ನೋಡುವ ಜಾಗಗಳ ಬಗ್ಗೆ ಬಾನುಲಿಯಲ್ಲಿ ಮಾತಾಡುವವರು ಸಾಮಾನ್ಯವಾಗಿ ಶಾಸನದಿಂದಲೋ ರಾಜವಂಶದಿಂದಲೋ ಶುರು ಮಾಡುತ್ತಾರೆ. ನಾನು ಹೊಟ್ಟೆಯಿಂದ ಶುರು ಮಾಡುತ್ತೇನೆ. ಹಸಿದು ಬಂದವನನ್ನು ಶಾಸನದ ಮುಂದೆ ನಿಲ್ಲಿಸಿ ನೋಡಿ. ಕಣ್ಣು ಕಲ್ಲಿನ ಮೇಲಿದ್ದರೂ ಮನಸ್ಸು ಹೋಟೆಲಿನ ಬೋರ್ಡು ಹುಡುಕುತ್ತಿರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನೋಡುವುದಕ್ಕೂ ಬೇಕಾದಷ್ಟಿದೆ, ಉಣ್ಣುವುದಕ್ಕೂ ಬೇಕಾದಷ್ಟಿದೆ. ಆದರೆ ಎರಡೂ ಒಂದೇ ಜಾಗದಲ್ಲಿ ಸಿಗುವುದು ಅಪರೂಪ. ಇವತ್ತಿನ ನನ್ನ ತಕರಾರು ಇಷ್ಟೇ.

ನಮ್ಮ ಅಣ್ಣನ ಮಗಳು ಇಂಗ್ಲೆಂಡಿನ ಉತ್ತರ ಭಾಗದ ಲೀಡ್ಸ್‌ನಲ್ಲಿದ್ದಾಳೆ. ಅಲ್ಲಿಗೆ ಹತ್ತಿರದ ಯಾರ್ಕ್ ನಗರದ ವಿಷಯವನ್ನು ಅವಳು ಆಗಾಗ ಹೇಳುತ್ತಿರುತ್ತಾಳೆ. ರೋಮನ್ನರು ಕ್ರಿ.ಶ. 71ರಲ್ಲಿ ನೆಲೆ ಹೂಡಿದ ಊರು ಅದು. 306ರಲ್ಲಿ ಕಾನ್‌ಸ್ಟಂಟೈನನನ್ನು ಸೈನಿಕರು ಚಕ್ರವರ್ತಿ ಎಂದು ಸಾರಿದ್ದೂ ಅಲ್ಲಿಯೇ. ಊರಿನ ಹಳೆಯ ಕೋಟೆಗೋಡೆ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದ ಉಳಿದುಕೊಂಡಿದೆ. ಜನ ಅದರ ಮೇಲೆ ನಡೆದಾಡಿ, ಕಾಲು ಸೋತಾಗ ಇಳಿದು, ಪಕ್ಕದ ಗಲ್ಲಿಯಲ್ಲಿ ಒಂದು ಸಾಧಾರಣ ಇಟಾಲಿಯನ್ ಹೋಟೆಲಿಗೆ ಹೊಕ್ಕು, ಪಿಜ್ಜಾನೋ ಪಾಸ್ತಾನೋ ತಿಂದು, ಮತ್ತೆ ಎದ್ದು ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿನ ಕಡೆ ಹೊರಡುತ್ತಾರಂತೆ. ಅಲ್ಲಿಂದಾಚೆಗಿನ ಮ್ಯಾಂಚೆಸ್ಟರ್ ಕೂಡ ರೋಮನ್ ಕೋಟೆಯಿಂದಲೇ ಶುರುವಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಆಂಕೋಟ್ಸ್ ಎಂಬ ಕೇರಿಗೆ ಇಟಲಿಯ ಬಡವರು ಬಂದು ನೆಲೆಸಿದರು. ಐಸ್‌ಕ್ರೀಂ ಮಾಡಿ ಮಾರಿ ಹೆಸರಾದರು. ಒಂದು ಕಾಲಕ್ಕೆ ಖಡ್ಗ ಹಿಡಿದು ಬಂದವರ ನಾಡಿನಿಂದ ಇನ್ನೊಂದು ಕಾಲಕ್ಕೆ ಐಸ್‌ಕ್ರೀಂ ಗಾಡಿ ತಳ್ಳಿಕೊಂಡು ಬಂದರು ಅನ್ನಿ. ಎರಡನೆಯವರ ದಂಡಯಾತ್ರೆ ಹೆಚ್ಚು ಬಾಳಿತು ಎಂಬುದು ನನ್ನ ಲೆಕ್ಕ.

ಹೋದ ಸಲ ಊರಿಗೆ ಬಂದಾಗ ಆ ಹುಡುಗಿ ಕೇಳಿದಳು: "ಚಿಕ್ಕಪ್ಪ, ನನ್ನ ಜೊತೆಯವರನ್ನ ಸಾವನದುರ್ಗಕ್ಕೆ ಕರ್ಕೊಂಡು ಹೋದ್ರೆ, ಬೆಟ್ಟ ಇಳಿದ್ಮೇಲೆ ಎಲ್ಲಿ ಕೂತು ಊಟ ಮಾಡಿಸ್ಲಿ?" ನಾನು ಹೇಳಿದೆ: "ಬುತ್ತಿ ಕಟ್ಕೊಂಡು ಹೋಗಮ್ಮ." ಹೇಳುವಾಗ ನಾಚಿಕೆಯೇ ಆಯಿತು.

ಹಾಗೆಂದು ನಮ್ಮ ಕಡೆ ಹೋಟೆಲುಗಳಿಗೆ ಬರವೇನಿಲ್ಲ. ಬಿಡದಿಯನ್ನೇ ತೆಗೆದುಕೊಳ್ಳಿ. ಮೈಸೂರು ರಸ್ತೆಯಲ್ಲಿ ಬೆಂಗಳೂರು ಬಿಟ್ಟ ಕಾರುಗಳಿಗೆ ಮೊದಲ ಹಸಿವು ಆಗುವುದೇ ಅಲ್ಲಿ. ತಟ್ಟೆ ಇಡ್ಲಿಯ ಹೋಟೆಲಿನ ಹಿಂಬದಿಗೆ ಒಮ್ಮೆ ಹೋಗಿ ನೋಡಬೇಕು. ಅಂಚು ಮಡಿಸಿದ ಅಗಲ ತಟ್ಟೆಗಳಿಗೆ ಹಿಟ್ಟು ಹುಯ್ದು, ಕಬ್ಬಿಣದ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಅಂತಸ್ತಿನಂತೆ ಜೋಡಿಸಿ, ಸ್ಟ್ಯಾಂಡನ್ನು ಹಾಗೇ ಎತ್ತಿ ಹಬೆಯ ಪಾತ್ರೆಯೊಳಗೆ ಇಳಿಸುತ್ತಾರೆ. ಮುಚ್ಚಳ ತೆಗೆದಾಗ ಅಡುಗೆಮನೆಯೇ ಕಾಣದಷ್ಟು ಹಬೆ. ಇಡ್ಲಿ ತಟ್ಟೆಯಂಚಿನವರೆಗೂ ಉಬ್ಬಿರುತ್ತದೆ, ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಅದರ ಮೇಲೆ ಒಂದು ಉಂಡೆ ಬೆಣ್ಣೆ, ಪಕ್ಕಕ್ಕೆ ಚಟ್ನಿ. ಬೆಣ್ಣೆ ಕರಗಿ ಇಡ್ಲಿಯ ಸಣ್ಣ ತೂತುಗಳಿಗೆ ಇಳಿಯುವಷ್ಟು ಹೊತ್ತು ತಾಳಿಕೊಂಡವನೇ ತಿನ್ನಲು ಬಲ್ಲವನು. ಹೆಚ್ಚಿನವರು ತಾಳುವುದಿಲ್ಲ.

ಆದರೆ ಬಿಡದಿಯಲ್ಲಿ ತಿಂದವರು ಬಿಡದಿಯಲ್ಲಿ ಏನು ನೋಡಿದರು? ವಂಡರ್‌ಲಾ ಬಿಟ್ಟರೆ ಹೆಚ್ಚಿನದೇನಿಲ್ಲ. ತಿಂದು ಕೈ ತೊಳೆದು ಮೈಸೂರಿಗೆ ಹೊರಟುಬಿಡುತ್ತಾರೆ. ಇನ್ನು ಈಗಂತೂ ಬಿಡದಿಗೂ ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಬಿಡದಿಯನ್ನು ಬಳಸಿಕೊಂಡು ಹೋಯಿತು. ರಾಮನಗರ–ಚನ್ನಪಟ್ಟಣ ಎರಡಕ್ಕೂ ಸೇರಿಸಿ ಸುಮಾರು 22 ಕಿಲೋಮೀಟರಿನ ಒಂದೇ ಬೈಪಾಸು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಮೈಸೂರಿನಲ್ಲಿ ಆಸ್ಪತ್ರೆಗೆ ಹೋಗುವವನಿಗೆ ಅದು ವರವೇ. ಆದರೆ ಹಳೆಯ ರಸ್ತೆಯ ಹೋಟೆಲಿನವರು, ಬೊಂಬೆ ಅಂಗಡಿಯವರು, ಆಚೆ ಮದ್ದೂರಿನ ವಡೆಯವರು ವ್ಯಾಪಾರ ಬಿದ್ದುಹೋಯಿತೆಂದು ಹೇಳಿಕೊಂಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅವರ ವ್ಯಾಪಾರ ನಿಂತಿದ್ದದ್ದು ಹಾದುಹೋಗುವವರ ಮೇಲೆ, ನೋಡಲೆಂದೇ ಬಂದವರ ಮೇಲಲ್ಲ. ಹಾದುಹೋಗುವ ದಾರಿ ಬದಲಾದ ಕೂಡಲೇ ಊರು ಖಾಲಿಯಾಯಿತು. ಯಾರ್ಕಿನ ಸುತ್ತ ಎಷ್ಟು ಹೆದ್ದಾರಿ ಹಾಕಿದರೂ ಕೋಟೆಗೋಡೆಯ ಕೆಳಗಿನ ಹೋಟೆಲಿನವನಿಗೆ ಭಯವಿಲ್ಲ, ಅವನ ಗಿರಾಕಿ ಗೋಡೆ ನೋಡಲೆಂದೇ ಬಂದವನು.

ನಮ್ಮಲ್ಲೂ ನೋಡಲೆಂದೇ ಬರುವಂಥದ್ದು ಇಲ್ಲವೇ? ರಾಮನಗರದ ಬಂಡೆಗಳ ಮೇಲೆ ಒಂದು ಕಣ್ಣು ಹಾಯಿಸಿ. ಟಿಪ್ಪುವಿನ ಕಾಲ ಮುಗಿದ ಮೇಲೆ ದಿವಾನ್ ಪೂರ್ಣಯ್ಯನವರು ಈ ಊರಿಗೆ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟು ಕ್ಲೋಸ್‌ಪೇಟೆ ಮಾಡಿದರು. ಕ್ಲೋಸ್‌ಪೇಟೆ ಹೋಗಿ ರಾಮನಗರವಾದರೂ ಭೂವಿಜ್ಞಾನಿಗಳು ಹಳೆಯ ಹೆಸರನ್ನು ಬಿಟ್ಟಿಲ್ಲ. ಸುಮಾರು 250 ಕೋಟಿ ವರ್ಷದ ಈ ಬಂಡೆಗೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ರಾಮದೇವರ ಬೆಟ್ಟದ ತಪ್ಪಲಿನಲ್ಲಿ 1973ರಲ್ಲಿ ಶೋಲೆಯ ಚಿತ್ರೀಕರಣ ಶುರುವಾಯಿತು. ರಾಮಗಢ ಎಂಬ ಹಳ್ಳಿಯನ್ನೇ ಕಟ್ಟಿ, ಮುಗಿದ ಮೇಲೆ ಕಿತ್ತುಕೊಂಡು ಹೋದರು. 1975ರಲ್ಲಿ ಬಿಡುಗಡೆಯಾದ ಆ ಚಿತ್ರದ ಗಬ್ಬರ್ ಸಿಂಗನ ಗುಹೆ ಎಲ್ಲಿ ಎಂದು ಇವತ್ತಿಗೂ ಬಂದವರು ಕೇಳುತ್ತಾರೆ. 2012ರಲ್ಲಿ ಇದೇ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಸಾರಿದರು. ರಣಹದ್ದುಗಳಿಗಾಗಿ ಹೀಗೆ ಜಾಗ ಮೀಸಲಿಟ್ಟದ್ದು ದೇಶದಲ್ಲಿ ಇದೇ ಮೊದಲು. ಹದ್ದುಗಳ ಊಟದ ವ್ಯವಸ್ಥೆಯ ಬಗ್ಗೆ ಅರಣ್ಯ ಇಲಾಖೆ ತಲೆ ಕೆಡಿಸಿಕೊಂಡಿದೆ. ಮನುಷ್ಯರ ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದವರು ಇನ್ನೂ ಸಿಕ್ಕಿಲ್ಲ.

ಬೆಟ್ಟ ಇಳಿದು ಊರೊಳಗೆ ಬಂದರೆ ಊಟಕ್ಕೆ ಮೋಸವಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ರಾತ್ರಿಯೆಲ್ಲ ಪ್ರಯಾಣ ಮಾಡಿ ಗೂಡಿನ ಮೂಟೆ ತಂದ ರೈತ, ಹರಾಜಿಗೆ ಕಾದ ರೀಲರು, ಹಮಾಲಿ ಎಲ್ಲರೂ ಉಣ್ಣುವ ಹೋಟೆಲುಗಳಲ್ಲಿ ರುಚಿ ಕೆಟ್ಟರೆ ಮಾರನೆಯ ದಿನ ಬಾಗಿಲು ಹಾಕಬೇಕಾಗುತ್ತದೆ. ಮಿಲಿಟರಿ ಹೋಟೆಲಿನ ಮಧ್ಯಾಹ್ನವನ್ನು ನೋಡಿದ್ದೀರಾ? ಮೆನು ಕಾರ್ಡಿಲ್ಲ. ಬಂದು ಕೂತವನ ಮುಂದೆ ಎಲೆ ಬೀಳುತ್ತದೆ, ಎಲೆಯ ಮೇಲೆ ಹೊಗೆಯಾಡುವ ರಾಗಿಮುದ್ದೆ, ಪಕ್ಕಕ್ಕೆ ನಾಟಿಕೋಳಿ ಸಾರು. ಮುದ್ದೆಯ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ ಸಾರು ಹುಯ್ಯಿಸಿಕೊಳ್ಳುವವರು ಒಂದು ಪಂಗಡ, ಅಂಚಿನಿಂದ ಮುರಿದು ಸಾರಿನಲ್ಲಿ ಹೊರಳಿಸುವವರು ಇನ್ನೊಂದು. ಇಬ್ಬರೂ ಅಗಿಯುವುದಿಲ್ಲ, ನುಂಗುತ್ತಾರೆ. ಹೊಸಬರು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡು ಒದ್ದಾಡುವುದನ್ನು ಸಪ್ಲೈಯರು ನಗು ತಡೆದುಕೊಂಡು ನೋಡುತ್ತಾನೆ. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಎಂಬ ಗಾದೆ ಹುಟ್ಟಿದ ನಾಡು ಇದು. ಗಾದೆಯಲ್ಲಿ ಹಿಟ್ಟು, ಬೆಟ್ಟ ಒಟ್ಟಿಗೇ ಇವೆ. ನೆಲದ ಮೇಲೆ ಮಾತ್ರ ಅವೆರಡರ ನಡುವೆ ಒಂದು ಆಟೋದ ಬಾಡಿಗೆಯಷ್ಟು ದೂರ.

ಈ ದೂರವನ್ನು ಅಳಿಸಿದ ಒಂದು ಜಾಗ ನಮ್ಮಲ್ಲಿದೆ. ಎಚ್.ಎಲ್. ನಾಗೇಗೌಡರು ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ, ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಹತ್ತಿರ 15 ಎಕರೆಯಲ್ಲಿ 1994ರಲ್ಲಿ ಜಾನಪದ ಲೋಕ ಮಾಡಿದರು. ಬೀಸುವ ಕಲ್ಲು, ಒನಕೆ, ಮೀನಿನ ಕೂಣಿ, ತೊಗಲುಗೊಂಬೆ, ವಾದ್ಯ ಎಲ್ಲ ಅಲ್ಲಿವೆ. ಅದರ ಮಗ್ಗುಲಲ್ಲೇ ಕಾಮತರ ಲೋಕರುಚಿ. ಒಳಗೆ ರೊಟ್ಟಿ ಹಂಚು ನೋಡಿ ಬಂದವನು ಹೊರಗೆ ಜೋಳದ ರೊಟ್ಟಿ, ಎಣಗಾಯಿ ತಿನ್ನುತ್ತಾನೆ. ಹಳೇ ಮೈಸೂರಿನ ನಟ್ಟನಡುವೆ ಉತ್ತರ ಕರ್ನಾಟಕದ ರೊಟ್ಟಿ ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ನನಗೂ ಒಮ್ಮೊಮ್ಮೆ ಹಾಗೆ ಅನ್ನಿಸಿದ್ದುಂಟು. ಆದರೂ ನೋಡಿದ್ದು, ತಿಂದದ್ದು ಒಂದಕ್ಕೊಂದು ಸಂಬಂಧಪಟ್ಟಿದೆಯಲ್ಲ, ಅದು ದೊಡ್ಡದು.

ಚನ್ನಪಟ್ಟಣದ ವಿಷಯಕ್ಕೆ ಬರೋಣ. ಬೊಂಬೆಯ ಕಥೆ ನಿಮಗೆಲ್ಲ ಗೊತ್ತು: ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬ ಪ್ರತೀತಿ, ಆಮೇಲೆ ಬಾವಾಸ್ ಮಿಯಾನರ ದುಡಿಮೆ, ಹಾಲೆ ಮರ, ಅರಗಿನ ಬಣ್ಣ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಕಲಾನಗರದ ಕಾರ್ಖಾನೆಗಳಲ್ಲಿ ಇದನ್ನು ಎದುರಿಗೇ ನೋಡಬಹುದು. ಹಳೆಯ ರಸ್ತೆಯಲ್ಲೇ ಸ್ವಲ್ಪ ಮುಂದೆ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನ, ಅಲ್ಲಿನ ಅಂಬೆಗಾಲು ಕೃಷ್ಣ. ಈ ಕೃಷ್ಣನನ್ನು ನೋಡಿಯೇ ಪುರಂದರದಾಸರು ಒಂದು ಹೆಸರಾಂತ ಕೀರ್ತನೆ ಕಟ್ಟಿದರೆಂದು ನಂಬಿಕೆ. ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕೊಡುತ್ತಾರೆ.

ಚನ್ನಪಟ್ಟಣಕ್ಕೆ ಇಟಲಿಯ ನಂಟೂ ಒಂದಿದೆ, ಅದು ಪಿಜ್ಜಾ ಅಂಗಡಿ ಬರುವುದಕ್ಕೆ ಬಹಳ ಮೊದಲಿನದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ದಿನಗಳಲ್ಲಿ ಮೈಸೂರು ಸರ್ಕಾರ ಸೊರಗುತ್ತಿದ್ದ ರೇಷ್ಮೆಯನ್ನು ಎತ್ತಿ ನಿಲ್ಲಿಸಲು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿಕೊಂಡಿತು. ಚನ್ನಪಟ್ಟಣದ ಸರ್ಕಾರಿ ರೇಷ್ಮೆ ಫಾರಂ ಆ ಕಾಲದ್ದು. ಹೆಸರು ಅಮೆರಿಕದ್ದು, ಮನುಷ್ಯ ಇಟಲಿಯವನು, ಕೆಲಸ ಚನ್ನಪಟ್ಟಣದಲ್ಲಿ! ಇಟಲಿಯಲ್ಲಿ ರೇಷ್ಮೆ ಬೆಳೆದದ್ದು ಹೆಚ್ಚಾಗಿ ಉತ್ತರದ ಸೀಮೆಗಳಲ್ಲಿ. ಅಲ್ಲಿನ ರೈತಾಪಿ ಜನರ ಊಟ ಪೊಲೆಂಟ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಹಲಗೆಯ ಮೇಲೆ ಸುರಿದುಕೊಂಡು ತಿನ್ನುವುದು. ಮುದ್ದೆಕೋಲು ಹಿಡಿದ ನಮ್ಮ ಹೆಂಗಸರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಎರಡು ನಾಡುಗಳ ಜನ ಸಂಜೆಗೆ ಹೆಚ್ಚುಕಡಿಮೆ ಒಂದೇ ಅಡುಗೆ ಮಾಡಿಕೊಂಡರು. ಇಟಲಿಯವರು ಪೊಲೆಂಟವನ್ನು ಬಿಳಿ ಮೇಜುವಸ್ತ್ರದ ಹೋಟೆಲಿಗೂ ಏರಿಸಿದರು. ನಮ್ಮ ಮುದ್ದೆಗೆ ಅಂಥ ಬಡ್ತಿ ಈಗೀಗ ಶುರುವಾಗಿದೆ.

ಮಾಗಡಿಗೆ ಹೋದರೆ ತಕರಾರು ಗಟ್ಟಿಯಾಗುತ್ತದೆ. ಇತಿಹಾಸದ ಲೆಕ್ಕದಲ್ಲಿ ನಾಲ್ಕರಲ್ಲಿ ಶ್ರೀಮಂತ ತಾಲ್ಲೂಕು ಅದು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನ, 1638ರಲ್ಲಿ ಬಿಜಾಪುರದ ದಂಡು ಬೆಂಗಳೂರನ್ನು ಹಿಡಿದ ಮೇಲೆ ಮಾಗಡಿಗೆ ಬಂದು ನಿಂತಿತು. ಊರ ನಡುವೆ ಕೋಟೆ, ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥ. ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಪತ್ತೆಯಾದದ್ದು 2015ರಲ್ಲಿ. ಇನ್ನು ಕಲ್ಯ ಎಂಬ ಹಳ್ಳಿ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ಜಗಳವನ್ನು 1368ರಲ್ಲಿ ಬುಕ್ಕರಾಯ ತೀರಿಸಿದನಲ್ಲ, ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದು, ಆ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಈ ಕಲ್ಯದಲ್ಲೂ ಇದೆ. ಎಷ್ಟು ಜನ ಮಾಗಡಿಯವರು ಅದನ್ನು ನೋಡಿದ್ದಾರೆ ಎಂದು ಕೇಳಿ ಮುಜುಗರ ಮಾಡುವುದಿಲ್ಲ.

ಎಲ್ಲಕ್ಕೂ ಮೇಲೆ ಸಾವನದುರ್ಗ. 1226 ಮೀಟರ್ ಎತ್ತರ, ಕರಿಗುಡ್ಡ ಬಿಳಿಗುಡ್ಡ ಎಂಬ ಎರಡು ತಲೆ, ಬುಡದಲ್ಲಿ ವೀರಭದ್ರ, ನರಸಿಂಹ. 1728ರಲ್ಲಿ ಮೈಸೂರಿನವರು ಕೆಂಪೇಗೌಡರ ಮನೆತನದಿಂದ ಇದನ್ನು ಕಿತ್ತುಕೊಂಡರು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಹತ್ತಿತು. ಯಾರಿಂದಲೂ ಗೆಲ್ಲಲಾಗದು ಎಂದು ಹೆಸರಾದ ಕೋಟೆ, ಕಾಡು ಕಡಿದು ಫಿರಂಗಿ ತಂದ ಮೇಲೆ, ಕೊನೆಯ ದಾಳಿಯಲ್ಲಿ ಒಂದು ಗಂಟೆಯೊಳಗೆ ಬಿತ್ತು. ಆ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಬಂದರು ಹಲ್‌ನಲ್ಲಿ, ಚಿತ್ರ ಕಲಿಯಲು ಹೋದದ್ದು ರೋಮ್‌ಗೆ, ಬಂದು ಕೂತು ಬರೆದದ್ದು ನಮ್ಮ ದುರ್ಗಗಳನ್ನು. 1794ರಲ್ಲಿ ಮೈಸೂರು ಸೀಮೆಯ ಆ ಚಿತ್ರಗಳೆಲ್ಲ ಪುಸ್ತಕವಾಗಿ ಬಂದವು. ಅಂದರೆ, ಉತ್ತರ ಇಂಗ್ಲೆಂಡಿನವರಿಗೆ ಸಾವನದುರ್ಗದ ಪರಿಚಯವಾಗಿ ಇನ್ನೂರ ಮೂವತ್ತು ವರ್ಷ ಆಯಿತು. 1984ರಲ್ಲಿ ಬಂದ ಡೇವಿಡ್ ಲೀನ್‌ನ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರದ ಗುಹೆಗಳ ದೃಶ್ಯಕ್ಕೂ ಇದೇ ಬಂಡೆಗಳು. ಇಷ್ಟೆಲ್ಲ ಹೆಸರು ಹೊತ್ತ ಬೆಟ್ಟವನ್ನು ಶನಿವಾರ ಭಾನುವಾರ ಬೆಂಗಳೂರಿನ ಹುಡುಗರು ಸಾಲಾಗಿ ಹತ್ತುತ್ತಾರೆ. ಇಳಿದ ಮೇಲೆ ಸಿಗುವುದು ಎಳನೀರು, ಸೌತೆಕಾಯಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಚಿಪ್ಸಿನ ಪೊಟ್ಟಣ. ಚಿಪ್ಸಿನ ಖಾಲಿ ಪೊಟ್ಟಣ ಬೆಟ್ಟದಲ್ಲೇ ಉಳಿಯುತ್ತದೆ, ಹುಡುಗರು ಊಟಕ್ಕೆ ಬೆಂಗಳೂರಿಗೆ ವಾಪಸು.

ಮಾಗಡಿಯಲ್ಲಿ ಉಣ್ಣುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಿದರೆ ನಗಬೇಕಾಗುತ್ತದೆ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಗೃಹಿಣಿಯರು ಗಾಡಿಯವನನ್ನು ಕೇಳುವ ಮೊದಲ ಪ್ರಶ್ನೆ "ಇದು ಮಾಗಡಿ ಅವರೆಕಾಯೇನಪ್ಪ?" ಎಂದು. ಕೈಗೆ ಸೊಗಡು ಹತ್ತಬೇಕು, ಬೆರಳು ಮೂಸಿದರೆ ಗೊತ್ತಾಗಬೇಕು. ಹಿತಕಿದ ಬೇಳೆಯ ಸಾರು, ಅವರೆಕಾಳಿನ ಉಪ್ಪಿಟ್ಟು, ಅಕ್ಕಿರೊಟ್ಟಿಗೆ ಬೆರೆಸಿದ ಕಾಳು. ಬೆಂಗಳೂರಿನಲ್ಲಿ ಅದಕ್ಕಾಗಿ ಮೇಳವನ್ನೇ ನಡೆಸುತ್ತಾರೆ, ಜನ ಸಾಲು ನಿಂತು ಕಾಸು ಕೊಡುತ್ತಾರೆ. ಚಳಿಯ ಅದೇ ತಿಂಗಳುಗಳಲ್ಲಿ ಬೆಟ್ಟ ಹತ್ತುವವರೂ ಹೆಚ್ಚು, ಬಂಡೆ ಕಾಯದ ಕಾಲ ಅದು. ಅವರೆಯೂ ಅಲ್ಲೇ, ಹತ್ತುವವನೂ ಅಲ್ಲೇ, ಒಲೆ ಮಾತ್ರ ಐವತ್ತು ಕಿಲೋಮೀಟರ್ ಆಚೆ.

ಕನಕಪುರದ ಕಡೆ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿನ ಜನ ಹೋಟೆಲಿಗೆ ಕಾದು ಕೂರುವವರಲ್ಲ. ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುವಲ್ಲಿ ಮೀನು ಕರಿದು ಕೊಡುವವರಿದ್ದಾರೆ, ಮೇಕೆದಾಟಿಗೆ ಹೊರಟವರು ಹೋಗುವಾಗ ಹೇಳಿ, ಬರುವಾಗ ತಿನ್ನುತ್ತಾರೆ. ಕಬ್ಬಾಳಿನಲ್ಲಿ ಕಬ್ಬಾಳಮ್ಮನಿಗೆ ಹರಕೆ ಹೊತ್ತವರು ಪಾತ್ರೆ ಪಡಗ, ಸೌದೆ, ಅಕ್ಕಿ ಎಲ್ಲ ಟೆಂಪೋದಲ್ಲಿ ಹೇರಿಕೊಂಡು ಬಂದು, ಮೂರು ಕಲ್ಲಿಟ್ಟು ಒಲೆ ಹೂಡಿ, ನೆಂಟರಿಷ್ಟರಿಗೆಲ್ಲ ಬಡಿಸುತ್ತಾರೆ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ "ಬನ್ನಿ ಸ್ವಾಮಿ, ಒಂದ್ ತುತ್ತು ಉಂಡೋಗಿ" ಎಂದು ಕೂರಿಸುತ್ತಾರೆ. ಅದೇ ಊರಿನ ಬೆಟ್ಟದ ಮೇಲಿನ ಕಬ್ಬಾಳದುರ್ಗ ಒಂದು ಕಾಲದಲ್ಲಿ ಮೈಸೂರು ಸಂಸ್ಥಾನದ ಸೆರೆಮನೆ. 1734ರಲ್ಲಿ ಪಟ್ಟದಿಂದಿಳಿಸಿದ ಏಳನೆಯ ಚಾಮರಾಜ ಒಡೆಯರನ್ನು ತಂದು ಇಟ್ಟದ್ದು ಇಲ್ಲಿ. ಅವರು ಸತ್ತದ್ದೂ ಇಲ್ಲೇ. ಮೇಲೆ ಅರಸನಿಗೆ ಅನ್ನ ಸೇರದ ಜಾಗ, ಕೆಳಗೆ ದಾರಿಹೋಕನಿಗೂ ಎಲೆ ಹಾಕುವ ಜನ. ಕೆಳಗೆ ಉಂಡವರಲ್ಲಿ ಹತ್ತಕ್ಕೆ ಒಬ್ಬರೂ ಮೇಲಿನ ಕಥೆ ಕೇಳಿರುವುದಿಲ್ಲ.

2007ರಲ್ಲಿ ಈ ನಾಲ್ಕೂ ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರಿನ ಜಗಳ ರಾಜಕೀಯದವರಿಗಿರಲಿ. ಬೆಂಗಳೂರಿನವರು ಇಲ್ಲಿಗೆ ಬರಬೇಕು ಎಂಬುದೇ ಉದ್ದೇಶವಾದರೆ ನನ್ನದು ಚಿಕ್ಕ ಬೇಡಿಕೆ. ಸಾವನದುರ್ಗದ ಬುಡದಲ್ಲಿ, ದೇವಸ್ಥಾನಕ್ಕೂ ಕಾಡಿಗೂ ತೊಂದರೆಯಾಗದ ಜಾಗ ನೋಡಿ, ಸುತ್ತಲ ಹಳ್ಳಿಗಳ ಸ್ತ್ರೀಶಕ್ತಿ ಸಂಘದವರಿಗೆ ಒಂದು ಶೆಡ್ಡು, ನೀರಿನ ನಲ್ಲಿ, ಕೈ ತೊಳೆಯುವ ತೊಟ್ಟಿ, ಶುಚಿಯಾದ ಶೌಚಾಲಯ ಮಾಡಿಕೊಡಲಿ. ಮುದ್ದೆ, ಸೊಪ್ಪಿನ ಸಾರು, ಕಾಲಕ್ಕೆ ತಕ್ಕಂತೆ ಅವರೆ, ಬೇಸಗೆಯಲ್ಲಿ ನಮ್ಮ ರಾಮನಗರದ ಬಾದಾಮಿ, ರಸಪುರಿ ಮಾವು. ಗೋಡೆಯ ಮೇಲೆ ರಾಬರ್ಟ್ ಹೋಮ್‌ನ ಚಿತ್ರದ ಒಂದು ಪ್ರತಿ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಕಾಂಕ್ರೀಟಿನ ಕಮಾನು, ಸೆಲ್ಫಿಯ ಬೋರ್ಡು ಬೇಡ. ಉಂಡು ಕೂತವನು ಚಿತ್ರ ನೋಡುತ್ತಾನೆ, ಚಿತ್ರ ನೋಡಿದವನು ಬೆಟ್ಟವನ್ನು ಇನ್ನೊಂದು ಸಲ ತಲೆಯೆತ್ತಿ ನೋಡುತ್ತಾನೆ.

ಅದು ಆಗುವ ತನಕ ನಿಮಗೆ ಹೇಳಬೇಕಾದ್ದು ಒಂದಿದೆ. ಹೆದ್ದಾರಿ ಊರುಗಳನ್ನು ಬಳಸಿ ಹೋಯಿತೇ ಹೊರತು ರೈಲು ಹಾಗೆ ಮಾಡಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದರೆ ಬಿಡದಿ, ರಾಮನಗರ, ಚನ್ನಪಟ್ಟಣ ಮೂರರಲ್ಲೂ ಇಳಿಯಬಹುದು. ಟೋಲ್ ಇಲ್ಲ, ಪಾರ್ಕಿಂಗ್ ತಲೆನೋವಿಲ್ಲ. ಬೆಳಗಿನ ತಿಂಡಿಗೆ ಬಿಡದಿಯಲ್ಲಿ ಇಳಿದು, ಮುಂದಿನ ರೈಲಿಗೆ ರಾಮನಗರ ಸೇರಿಕೊಳ್ಳಿ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಸರ್ಕಾರಿ ಬಸ್ಸೇ ಗತಿ. ಕಬ್ಬಾಳಿಗೆ ಹೋಗುವವರು ಬುತ್ತಿ ಮರೆತರೂ ಚಿಂತೆಯಿಲ್ಲ. ಸಾವನದುರ್ಗಕ್ಕೆ ಹೋಗುವವರು ಸದ್ಯಕ್ಕೆ ಮರೆಯಬೇಡಿ, ತಂದ ಪೊಟ್ಟಣವನ್ನು ವಾಪಸು ತನ್ನಿ.